ಹಾಡಿನ ಜೊತೆಗೊಂದು ಪಟ್ಟಿ: ಎಸ್ಟೋನಿಯಾ ಸ್ವಾತಂತ್ರ್ಯ ಮರಳಿ ಪಡೆದ ಬಗೆ, ಒಂದು ಪ್ರಕರಣ ಅಧ್ಯಯನ

ಎಸ್ಟೋನಿಯಾ ಹಾಡಿ ಹಾಡಿಯೇ ಸೋವಿಯತ್ ಒಕ್ಕೂಟದಿಂದ ಸ್ವಾತಂತ್ರ್ಯ ಗಳಿಸಿತು ಅಂತ ಒಂದು ಮಾತಿದೆ. ಸುಳ್ಳೇನಲ್ಲ. 1988ರ ಬೇಸಿಗೆಯ ರಾತ್ರಿಗಳಲ್ಲಿ ರಾಜಧಾನಿ ಟಾಲಿನ್‌ನ ಹಾಡುಹಬ್ಬದ ಮೈದಾನದಲ್ಲಿ ಜನ ಬೆಳಗಿನವರೆಗೂ ನಿಂತು ಹಾಡಿದರು. ಅದೇ ವರ್ಷ ಸೆಪ್ಟೆಂಬರ್ 11ರಂದು ಅಲ್ಲಿ ಸೇರಿದವರು ಸುಮಾರು ಮೂರು ಲಕ್ಷ ಎಂಬ ಅಂದಾಜಿದೆ. ಇಡೀ ದೇಶದ ಎಸ್ಟೋನಿಯನ್ನರೇ ಹತ್ತು ಲಕ್ಷ ದಾಟುತ್ತಿರಲಿಲ್ಲ.

ಆದರೆ ಹಾಡು ಕೇಳಿ ಯಾವ ಸಾಮ್ರಾಜ್ಯವೂ ಗಂಟುಮೂಟೆ ಕಟ್ಟುವುದಿಲ್ಲ. ಈ ಪ್ರಕರಣದಲ್ಲಿ ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. 1989ರಲ್ಲಿ ಕೆಲವರು ಮನೆಮನೆಗೆ ಹೋಗಿ ದೇಶದ ಪ್ರಜೆಗಳ ಒಂದು ಪಟ್ಟಿ ಬರೆಯಲು ಶುರು ಮಾಡಿದರು. ಆ ಪಟ್ಟಿ ಬೇಡ, ಅದು ಹುಚ್ಚುತನ ಅಂದವರು ಸ್ವಾತಂತ್ರ್ಯ ಚಳವಳಿಯ ಒಳಗೇ ಇದ್ದರು. ಇವರ ಜಗಳ, ಕೊನೆಗೆ ಒಂದು ರಾತ್ರಿ ಇವರು ಮಾಡಿಕೊಂಡ ರಾಜಿ, ಆ ರಾಜಿಯ ಬೆಲೆಯನ್ನು ಯಾರು ತೆತ್ತರು, ಇದಿಷ್ಟೇ ಇಲ್ಲಿನ ವಿಷಯ. ಬಾಗಿಲು ತಟ್ಟಿದವರು, ಬಾಗಿಲು ತೆಗೆದವರು ಯಾರ ಹೆಸರೂ ಇಲ್ಲಿ ಬರುವುದಿಲ್ಲ. ಸಾರ್ವಜನಿಕ ಹುದ್ದೆಯಲ್ಲಿದ್ದ ಕೆಲವರ ಹೆಸರು ಮಾತ್ರ ಬಳಸಿದ್ದೇನೆ.

ಹಿನ್ನೆಲೆ

1918ರ ಫೆಬ್ರವರಿ 24ರಂದು ಎಸ್ಟೋನಿಯಾ ಸ್ವತಂತ್ರ ಗಣರಾಜ್ಯ ಎಂದು ಘೋಷಿಸಿಕೊಂಡಿತು. ಘೋಷಣೆ ಮಾಡಿದ ಮಾತ್ರಕ್ಕೆ ಸಿಗಲಿಲ್ಲ, ಯುದ್ಧ ಮಾಡಬೇಕಾಯಿತು. 1920ರ ಫೆಬ್ರವರಿ 2ರಂದು ಟಾರ್ಟು ಪಟ್ಟಣದಲ್ಲಿ ಶಾಂತಿ ಒಪ್ಪಂದವಾಯಿತು. ಈ ನೆಲದ ಮೇಲಿನ ಹಕ್ಕನ್ನು ಎಂದೆಂದಿಗೂ ಬಿಟ್ಟುಕೊಟ್ಟಿದ್ದೇವೆ ಎಂದು ಸೋವಿಯತ್ ರಷ್ಯಾ ಅದರಲ್ಲಿ ಬರೆದುಕೊಟ್ಟಿತು. ಈ ಕಾಗದ ನೆನಪಿರಲಿ, ಮುಂದೆ ಬೇಕಾಗುತ್ತದೆ.

1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಮಾಡಿಕೊಂಡ ಒಪ್ಪಂದಕ್ಕೆ ಒಂದು ಗುಟ್ಟಿನ ಅನುಬಂಧವಿತ್ತು. ಅದರ ಪ್ರಕಾರ ಎಸ್ಟೋನಿಯಾ ಸೋವಿಯತ್ ಪಾಲಿಗೆ ಬಂತು. 1940ರ ಜೂನ್‌ನಲ್ಲಿ ಸೇನೆ ಒಳಗೆ ಬಂತು. ಜುಲೈನಲ್ಲಿ ಒಂದೇ ಪಟ್ಟಿಯ ಅಭ್ಯರ್ಥಿಗಳಿಟ್ಟು ಚುನಾವಣೆ ಮಾಡಿದರು. ಆಗಸ್ಟ್ 6ಕ್ಕೆ ದೇಶ ಸೋವಿಯತ್ ಒಕ್ಕೂಟದ ಭಾಗವಾಗಿತ್ತು. ನಡುವೆ ಮೂರು ವರ್ಷ ಜರ್ಮನ್ನರು ಬಂದು ಹೋದರು. 1944ರಲ್ಲಿ ಸೋವಿಯತ್ ಸೇನೆ ಮರಳಿತು. 1949ರ ಮಾರ್ಚ್‌ನಲ್ಲಿ ಕೆಲವೇ ದಿನಗಳಲ್ಲಿ 20,000ಕ್ಕೂ ಹೆಚ್ಚು ಮಂದಿಯನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಲಾಯಿತು. ಅವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ.

ಆಮೇಲಿನ ನಾಲ್ಕು ದಶಕಗಳಲ್ಲಿ ಆದ ಬದಲಾವಣೆ ಸದ್ದಿಲ್ಲದ್ದು. ಕಾರ್ಖಾನೆ, ಗಣಿ, ಸೇನಾ ನೆಲೆಗಳಿಗೆ ಒಕ್ಕೂಟದ ಬೇರೆ ಕಡೆಗಳಿಂದ ಜನ ಬಂದು ನೆಲೆಸಿದರು. 1934ರಲ್ಲಿ ಜನಸಂಖ್ಯೆಯ ಶೇ. 88ರಷ್ಟಿದ್ದ ಎಸ್ಟೋನಿಯನ್ನರು 1989ರ ಗಣತಿಯ ಹೊತ್ತಿಗೆ ಶೇ. 61.5ಕ್ಕೆ ಇಳಿದಿದ್ದರು. ಒಟ್ಟು ಜನ 15.6 ಲಕ್ಷ.

ಇದೆಲ್ಲದರ ನಡುವೆ ಒಂದು ಎಳೆ ಮಾತ್ರ ಕಡಿದಿರಲಿಲ್ಲ. ಅಮೆರಿಕ ಈ ವಿಲೀನವನ್ನು ಒಪ್ಪಿಕೊಳ್ಳಲಿಲ್ಲ. 1940ರ ಜುಲೈ 23ರಂದೇ ಹಾಗೆ ಹೇಳಿತು, ಕೊನೆಯವರೆಗೂ ಮಾತು ಬದಲಿಸಲಿಲ್ಲ. ನ್ಯೂಯಾರ್ಕ್‌ನಲ್ಲಿ ಎಸ್ಟೋನಿಯಾದ ಕಾನ್ಸುಲೇಟ್ ಅಷ್ಟೂ ವರ್ಷ ಬಾಗಿಲು ತೆರೆದೇ ಇತ್ತು. ಎರ್ನ್ಸ್ಟ್ ಯಾಕ್ಸನ್ ಎಂಬ ಅಧಿಕಾರಿ 1930ರ ದಶಕದಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದವರು, ಸ್ವಾತಂತ್ರ್ಯ ಮರಳಿ ಬಂದಾಗಲೂ ಅಲ್ಲೇ ಇದ್ದರು. ಭೂಪಟದಲ್ಲಿ ಇಲ್ಲದ ದೇಶಕ್ಕೆ ಪಾಸ್‌ಪೋರ್ಟ್ ಕೊಡುವ ಕೆಲಸ. ನೋಡಿದವರು ನಕ್ಕಿರಲೂಬಹುದು.

ಸಮಸ್ಯೆ ಎಲ್ಲಿತ್ತು

ಗೋರ್ಬಚೆವ್ ಕಾಲದಲ್ಲಿ ಬಾಯಿ ಬಿಡುವ ಅವಕಾಶ ಸಿಕ್ಕಿತು. 1987ರಲ್ಲಿ ಮೊದಲು ಎದ್ದ ಗಲಾಟೆ ರಾಜಕೀಯದ್ದಲ್ಲ, ಗಣಿಯದ್ದು. ವಿರುಮಾ ಪ್ರದೇಶದಲ್ಲಿ ಫಾಸ್ಫರೈಟ್ (ಗೊಬ್ಬರಕ್ಕೆ ಬಳಸುವ ಖನಿಜ) ಗಣಿ ತೆಗೆಯಲು ಮಾಸ್ಕೋ ಹೊರಟಿತ್ತು. ಅಂತರ್ಜಲ ಹಾಳಾಗುತ್ತದೆ ಎಂಬ ಭಯ ಒಂದು. ಗಣಿ ಕೆಲಸಕ್ಕೆ ಹೊರಗಿನಿಂದ ಇನ್ನೂ ಸಾವಿರಾರು ಜನ ಬರುತ್ತಾರೆ ಎಂಬ ಭಯ ಇನ್ನೊಂದು. ನೀರಿನ ಬಗ್ಗೆ ಮಾತಾಡಿದರೆ ಯಾರನ್ನೂ ದೇಶದ್ರೋಹಿ ಅನ್ನಲಾಗುವುದಿಲ್ಲ, ಅಲ್ವಾ? ವಿದ್ಯಾರ್ಥಿಗಳು, ವಿಜ್ಞಾನಿಗಳು, ಪತ್ರಕರ್ತರು ಒಟ್ಟಾದರು. ಯೋಜನೆ ನಿಂತಿತು. ಮಾಸ್ಕೋ ಹಿಂದೆ ಸರಿಯುವುದನ್ನು ಜನ ಕಣ್ಣಾರೆ ನೋಡಿದರು.

ಆಗಸ್ಟ್ 23ರಂದು ಟಾಲಿನ್‌ನ ಹಿರ್ವೆಪಾರ್ಕ್ ಎಂಬ ಉದ್ಯಾನದಲ್ಲಿ ಸಭೆ ಸೇರಿತು. ಬೇಡಿಕೆ ಒಂದೇ: 1939ರ ಗುಟ್ಟಿನ ಅನುಬಂಧ ಪ್ರಕಟಿಸಿ. ಸೆಪ್ಟೆಂಬರ್‌ನಲ್ಲಿ ನಾಲ್ವರು ಸೇರಿ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಸ್ಟೋನಿಯಾದ ಹಣಕಾಸು ಎಸ್ಟೋನಿಯಾದ ಕೈಯಲ್ಲೇ ಇರಲಿ ಎಂಬುದು ಅದರ ಸಾರ. ಆ ನಾಲ್ವರಲ್ಲಿ ಒಬ್ಬರು ಎಡ್ಗರ್ ಸಾವಿಸಾರ್. 1988ರ ಏಪ್ರಿಲ್ 13ರಂದು ಟಿವಿಯ ನೇರ ಕಾರ್ಯಕ್ರಮದಲ್ಲಿ ಕೂತು ಪೀಪಲ್ಸ್ ಫ್ರಂಟ್ ಕಟ್ಟೋಣ ಅಂದವರೂ ಅವರೇ. ಕೆಲವೇ ತಿಂಗಳಲ್ಲಿ ಅದು ದೇಶದ ದೊಡ್ಡ ಚಳವಳಿಯಾಯಿತು. ನವೆಂಬರ್ 16ರಂದು ಸುಪ್ರೀಂ ಸೋವಿಯತ್, ಅಂದರೆ ಅಲ್ಲಿನ ಸೋವಿಯತ್ ಶಾಸನಸಭೆಯೇ, ಇಲ್ಲಿ ನಮ್ಮ ಕಾನೂನೇ ಮೇಲು ಎಂದು ಘೋಷಿಸಿತು. ಸೋವಿಯತ್ ಗಣರಾಜ್ಯಗಳ ಪೈಕಿ ಹಾಗೆ ಹೇಳಿದ್ದು ಇದೇ ಮೊದಲು.

ಇಲ್ಲಿಗೆ ನಿಜವಾದ ಪ್ರಶ್ನೆ ಎದುರಿಗೆ ಬಂತು. ಮುಂದಿನ ಹೆಜ್ಜೆ ಎಲ್ಲಿಂದ ಇಡಬೇಕು? ಸೋವಿಯತ್ ಎಸ್ಟೋನಿಯಾವನ್ನೇ ಮೆಲ್ಲಗೆ ದೊಡ್ಡದು ಮಾಡುತ್ತಾ ಸ್ವತಂತ್ರ ದೇಶವಾಗಿಸಬೇಕೋ? ಅಥವಾ 1918ರ ಗಣರಾಜ್ಯ ಸತ್ತೇ ಇಲ್ಲ, ಅದರ ಮೇಲಿನ ಆಕ್ರಮಣ ಮುಗಿದರೆ ಸಾಕು ಅನ್ನಬೇಕೋ?

ಹೇಗಾದರೂ ಸ್ವಾತಂತ್ರ್ಯ ಬಂದರಾಯಿತು, ಇದೆಂಥ ಕೂದಲು ಸೀಳುವ ವಾದ ಅನ್ನಿಸಬಹುದು. ಆದರೆ ಒಂದು ಜಮೀನಿನ ವ್ಯಾಜ್ಯ ಎಂದುಕೊಂಡು ನೋಡಿ. ನಿಮ್ಮ ಜಮೀನಿನಲ್ಲಿ ಬೇರೆಯವರು ಐವತ್ತು ವರ್ಷ ಕೂತಿದ್ದಾರೆ. ಅದನ್ನು ನನಗೆ ಬಿಟ್ಟುಕೊಡಿ ಎಂದು ಅವರಿಗೇ ಅರ್ಜಿ ಹಾಕಿದರೆ, ಜಮೀನು ಅವರದ್ದು ಎಂದು ನೀವೇ ಒಪ್ಪಿದಂತಾಯಿತು. ಪಹಣಿ ನನ್ನ ಹೆಸರಲ್ಲೇ ಇದೆ ಎಂದು ಹೊರಟರೆ ಕೇಸಿನ ದಿಕ್ಕೇ ಬೇರೆ. ಮೊದಲ ದಾರಿ ಹಿಡಿದರೆ ಎಸ್ಟೋನಿಯಾ ಒಕ್ಕೂಟ ಬಿಡುವ ಕಾನೂನಿನ ಪ್ರಕಾರ ಮಾಸ್ಕೋ ಜೊತೆ ವರ್ಷಗಟ್ಟಲೆ ಚೌಕಾಸಿ ಮಾಡಬೇಕಿತ್ತು, ಸಾಲದಲ್ಲೂ ಪಾಲು ಹೊರಬೇಕಿತ್ತು. ಎರಡನೇ ದಾರಿಯಲ್ಲಿ ಅದ್ಯಾವುದೂ ಇಲ್ಲ. ಆದರೆ ಅದು ಇನ್ನೊಂದು ಪ್ರಶ್ನೆಯನ್ನು ಜೊತೆಗೇ ತರುತ್ತದೆ. ಹಳೇ ದೇಶವೇ ಮುಂದುವರಿದಿದೆ ಎಂದಾದರೆ ಅದರ ಪ್ರಜೆಗಳು ಯಾರು? 1940ರ ಪ್ರಜೆಗಳು ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಹಾಗಾದರೆ ಆಮೇಲೆ ಬಂದು ನೆಲೆಸಿದವರು? ಅವರಿಗೆ ಇಲ್ಲೇ ಹುಟ್ಟಿದ ಮಕ್ಕಳು?

ಪಟ್ಟಿ ಬರೆದವರು

1989ರ ಫೆಬ್ರವರಿ 24ರಂದು, ಹಳೇ ಗಣರಾಜ್ಯದ ಹುಟ್ಟುಹಬ್ಬದ ದಿನ, ಟಾಲಿನ್‌ನ ಪಿಕ್ ಹೆರ್ಮಾನ್ ಗೋಪುರದ ಮೇಲೆ ಆ ಗಣರಾಜ್ಯದ ನೀಲಿ-ಕಪ್ಪು-ಬಿಳಿ ಬಾವುಟ ಹಾರಿತು. ಬಾವುಟ ಹಾರಿಸಿದ್ದು ಅಧಿಕಾರದಲ್ಲಿದ್ದವರು. ಜನ ಅತ್ತ ನೋಡುತ್ತಿದ್ದರು. ಅದೇ ದಿನ ಪರಂಪರೆ ಸಂರಕ್ಷಣಾ ಸಂಘ, ರಾಷ್ಟ್ರೀಯ ಸ್ವಾತಂತ್ರ್ಯ ಪಕ್ಷ ಮತ್ತು ಒಂದು ಕ್ರೈಸ್ತ ಸಂಘಟನೆ ಸೇರಿ ಇನ್ನೊಂದು ಕರೆ ಕೊಟ್ಟವು: ಊರೂರಲ್ಲಿ ನಾಗರಿಕರ ಸಮಿತಿ ಕಟ್ಟಿ, ಎಸ್ಟೋನಿಯಾ ಗಣರಾಜ್ಯದ ಪ್ರಜೆಗಳನ್ನು ನೋಂದಾಯಿಸಿ.

ಕೆಲಸ ಕೇಳಲು ಸಪ್ಪೆ. ನಿಮ್ಮ ತಂದೆ, ತಾಯಿ, ಅಜ್ಜ, ಅಜ್ಜಿ 1940ರ ಜೂನ್‌ನಲ್ಲಿ ಈ ದೇಶದ ಪ್ರಜೆಗಳಾಗಿದ್ದರೇ? ಹಾಗಿದ್ದರೆ ನಿಮ್ಮ ಹೆಸರು ಬರೆಸಿ. ಜನಾಂಗ, ಭಾಷೆ ಕೇಳುವಂತಿಲ್ಲ. ಯುದ್ಧಕ್ಕೆ ಮೊದಲೇ ಅಲ್ಲಿದ್ದ ರಷ್ಯನ್ ಕುಟುಂಬಗಳೂ ಪ್ರಜೆಗಳೇ. 1940ರ ನಂತರ ಬಂದವರು ಬೇಕಾದರೆ ಪೌರತ್ವಕ್ಕೆ ಅರ್ಜಿದಾರರು ಎಂದು ಬೇರೆ ನೋಂದಣಿ ಮಾಡಿಸಬಹುದು.

ಸರ್ಕಾರದ ಮುದ್ರೆ ಇಲ್ಲ, ಹಣ ಇಲ್ಲ. ಮೇಲಾಗಿ ಪಟ್ಟಿ ಎಂಬುದೇ ಆ ಜನಕ್ಕೆ ಹೆದರಿಕೆ ತರುವ ವಸ್ತು. 1949ರಲ್ಲಿ ರೈಲು ಬಂದದ್ದೂ ಪಟ್ಟಿ ಹಿಡಿದುಕೊಂಡೇ. ನಾಳೆ ಮಾಸ್ಕೋದಲ್ಲಿ ಗಾಳಿ ಬದಲಾದರೆ ಯಾರನ್ನು ಹಿಡಿಯಬೇಕು ಎಂಬುದು ಈ ಪುಸ್ತಕದಲ್ಲೇ ಬರೆದಿರುತ್ತದೆ. ಹಾಗಿದ್ದೂ ಜನ ಬರೆಸಿದರು. 1990ರ ಫೆಬ್ರವರಿ ಹೊತ್ತಿಗೆ ಸುಮಾರು 7.9 ಲಕ್ಷ ಪ್ರಜೆಗಳು, ಸುಮಾರು 60,000 ಅರ್ಜಿದಾರರು ನೋಂದಣಿಯಾಗಿದ್ದರು.

ಪೀಪಲ್ಸ್ ಫ್ರಂಟ್‌ನ ನಾಯಕರಿಗೆ ಇದು ಮೊದಲು ಹಿಡಿಸಲಿಲ್ಲ. ಅವರ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಅಧಿಕಾರ, ಬಜೆಟ್, ಪೊಲೀಸ್, ರೇಡಿಯೊ ಎಲ್ಲ ಇರುವುದು ಸೋವಿಯತ್ ವ್ಯವಸ್ಥೆಯ ಒಳಗೆ. ಒಳಗೆ ಹೋಗಿ ಅದನ್ನು ಹಿಡಿಯುವುದು ಬಿಟ್ಟು ಹೊರಗೆ ನಿಂತು ಹೆಸರು ಬರೆದರೆ ಏನು ಬಂತು? ಮೇಲಾಗಿ ರಷ್ಯನ್ ಮಾತಾಡುವ ಲಕ್ಷಾಂತರ ಜನರನ್ನು ಎದುರು ಹಾಕಿಕೊಳ್ಳುವುದು ಜಾಣತನವೇ? ಸಮಿತಿಯವರ ಉತ್ತರವೂ ಗಟ್ಟಿಯಾಗಿತ್ತು. ಸುಪ್ರೀಂ ಸೋವಿಯತ್ ಎಂಬುದು ಆಕ್ರಮಣಕಾರರ ಸಂಸ್ಥೆ. ಅದು ಕೊಡುವ ಸ್ವಾತಂತ್ರ್ಯವನ್ನು ನಾಳೆ ಅದೇ ವಾಪಸ್ ತೆಗೆದುಕೊಳ್ಳಬಹುದು. ದೇಶದ ಪರವಾಗಿ ಮಾತಾಡುವ ಹಕ್ಕು ಅದರ ಪ್ರಜೆಗಳಿಗೆ ಮಾತ್ರ.

ಸಂಖ್ಯೆ ಏರತೊಡಗಿದ ಮೇಲೆ ಫ್ರಂಟ್ ಮಾತು ಬದಲಿಸಿತು. ಏಳು ಲಕ್ಷ ಜನ ಹೆಸರು ಬರೆಸಿದ್ದನ್ನು ಯಾವ ರಾಜಕಾರಣಿ ಹುಚ್ಚುತನ ಅಂದಾನು? 1990ರ ಫೆಬ್ರವರಿ ಕೊನೆಯಲ್ಲಿ ಈ ಪಟ್ಟಿಯ ಆಧಾರದ ಮೇಲೆಯೇ 'ಎಸ್ಟೋನಿಯಾ ಕಾಂಗ್ರೆಸ್' ಎಂಬ ಸಭೆಗೆ ಚುನಾವಣೆ ನಡೆಯಿತು. ಐದು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು, 499 ಪ್ರತಿನಿಧಿಗಳು ಆರಿಸಿ ಬಂದರು. ಫ್ರಂಟ್‌ನವರೂ ನಿಂತು ಗೆದ್ದರು, ಕೆಲವು ಕಮ್ಯುನಿಸ್ಟರೂ ಗೆದ್ದರು. ಕಾಂಗ್ರೆಸ್‌ನ ಕಾರ್ಯಸಮಿತಿಗೆ ಟುನ್ನೆ ಕೆಲಮ್ ಮುಖ್ಯಸ್ಥರಾದರು. ಮಾರ್ಚ್ 18ರಂದು ಸುಪ್ರೀಂ ಸೋವಿಯತ್‌ಗೂ ಮುಕ್ತ ಚುನಾವಣೆಯಾಯಿತು. ಅಲ್ಲಿ ಫ್ರಂಟ್ ಮುಂದೆ ಬಂತು, ಸಾವಿಸಾರ್ ಪ್ರಧಾನಿಯಾದರು. ಸಭೆಯ ಅಧ್ಯಕ್ಷರಾಗಿ ಹಳೇ ವ್ಯವಸ್ಥೆಯಲ್ಲೇ ಬೆಳೆದ ಆರ್ನಾಲ್ಡ್ ರುಟೆಲ್ ಉಳಿದರು.

ಹೀಗೆ ಒಂದೇ ತಿಂಗಳ ಅಂತರದಲ್ಲಿ ಒಂದು ದೇಶಕ್ಕೆ ಎರಡು ಚುನಾಯಿತ ಸಭೆಗಳು. ಒಂದರ ಕೈಯಲ್ಲಿ ಅಧಿಕಾರ, ಇನ್ನೊಂದರ ಕೈಯಲ್ಲಿ ಹಕ್ಕುಪತ್ರ. ಕೆಲವರು ಎರಡರಲ್ಲೂ ಸದಸ್ಯರು. ಇಂಥ ಸ್ಥಿತಿ ಬಂದ ಕಡೆ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರನ್ನು ಮುಗಿಸುತ್ತಾರೆ. ಇಲ್ಲಿ ಇಬ್ಬರೂ ಬೈದಾಡಿಕೊಂಡೇ ಉಳಿದರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದು.

ಕಾದ ಒಂದೂವರೆ ವರ್ಷ

ಪಕ್ಕದ ಲಿಥುವೇನಿಯಾ ಕಾಯಲಿಲ್ಲ. 1990ರ ಮಾರ್ಚ್ 11ರಂದು ಸ್ವಾತಂತ್ರ್ಯ ಮರಳಿ ಸ್ಥಾಪಿಸಿದ್ದೇವೆ ಎಂದು ಒಂದೇಟಿಗೆ ಘೋಷಿಸಿತು. ಮಾಸ್ಕೋ ತೈಲ, ಅನಿಲ ಬಿಗಿ ಮಾಡಿತು. ಎಸ್ಟೋನಿಯಾದ ಸುಪ್ರೀಂ ಸೋವಿಯತ್ ಮಾರ್ಚ್ 30ರಂದು ಒಂದು ಮಧ್ಯದ ದಾರಿ ಹಿಡಿಯಿತು: ನಮ್ಮ ಗಣರಾಜ್ಯದ ಮೇಲಿನ ಆಕ್ರಮಣ ಇನ್ನೂ ಮುಗಿದಿಲ್ಲ, ಇವತ್ತಿನಿಂದ ಪರಿವರ್ತನೆಯ ಕಾಲ ಶುರು. ಸಮಿತಿಯವರ ವಾದವನ್ನು ಒಪ್ಪಿದಂತೆಯೂ ಆಯಿತು, ಮಾಸ್ಕೋ ತಕ್ಷಣ ಟ್ಯಾಂಕ್ ಕಳಿಸುವ ನೆಪವನ್ನೂ ಕೊಟ್ಟಂತಾಗಲಿಲ್ಲ. ಪುಕ್ಕಲುತನ ಎಂದು ಬೈದವರಿದ್ದರು. ಹಿಂತಿರುಗಿ ನೋಡಿದರೆ ಲಿಥುವೇನಿಯಾ ಮುಂದೆ ಹೋಗಿ ಏಟು ತಿಂದದ್ದರಿಂದಲೇ ಎಸ್ಟೋನಿಯಾಕ್ಕೆ ನಿಧಾನ ಮಾಡಲು ಸಾಧ್ಯವಾಯಿತು ಅನ್ನಿಸುತ್ತದೆ. ಆ ಋಣವನ್ನು ಲೆಕ್ಕಕ್ಕೆ ಹಿಡಿಯದೆ ಎಸ್ಟೋನಿಯಾದ ಜಾಣತನವನ್ನು ಹೊಗಳುವುದು ಸರಿಯಲ್ಲ.

ಮೇ 15ರಂದು ಪರೀಕ್ಷೆ ಎದುರಾಯಿತು. ಸ್ವಾತಂತ್ರ್ಯಕ್ಕೆ ವಿರುದ್ಧವಿದ್ದ ಇಂಟರ್‌ಫ್ರಂಟ್‌ನ ಜನ ಟೂಂಪೆಯಾ ಬೆಟ್ಟದ ಮೇಲಿನ ಶಾಸನಸಭೆಯ ಕಟ್ಟಡಕ್ಕೆ ನುಗ್ಗಿ ಅಂಗಳದ ಒಳಗೆ ಬಂದರು. ಪ್ರಧಾನಿ ರೇಡಿಯೊದಲ್ಲಿ ಜನರನ್ನು ಸಹಾಯಕ್ಕೆ ಕರೆದರು. ಸ್ವಲ್ಪ ಹೊತ್ತಿನಲ್ಲೇ ಸಾವಿರಾರು ಜನ ಬೆಟ್ಟ ಹತ್ತಿ ಬಂದರು. ನುಗ್ಗಿದವರು ಈಗ ಅಂಗಳದಲ್ಲಿ ಸಿಕ್ಕಿಬಿದ್ದಿದ್ದರು. ಒಂದು ಕಲ್ಲು ಹಾರಿದ್ದರೆ ಸಾಕಿತ್ತು, ಮಾಸ್ಕೋ ಸೇನೆಗೆ ಅದೇ ಕಾರಣವಾಗುತ್ತಿತ್ತು. ಬಂದ ಜನ ಎರಡು ಬದಿ ಸರಿದು ನಡುವೆ ದಾರಿ ಬಿಟ್ಟರು. ನುಗ್ಗಿದವರು ಆ ದಾರಿಯಲ್ಲಿ ಇಳಿದು ಹೋದರು. ಬಾಯಲ್ಲಿ ಬೈಗುಳ ಇದ್ದಿರಬಹುದು, ಯಾರೂ ಸಾಯಲಿಲ್ಲ.

1991ರ ಜನವರಿ 13ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಟಿವಿ ಗೋಪುರದ ಬಳಿ ಸೋವಿಯತ್ ಸೇನೆ ಜನರ ಮೇಲೆ ನುಗ್ಗಿತು. 14 ಮಂದಿ ಸತ್ತರು. ರಷ್ಯಾ ಗಣರಾಜ್ಯದ ನಾಯಕ ಬೋರಿಸ್ ಯೆಲ್ಸಿನ್ ಆಗ ಟಾಲಿನ್‌ಗೆ ಬಂದು ಬಾಲ್ಟಿಕ್ ದೇಶಗಳ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಪರ ಹೇಳಿಕೆಗೆ ಸಹಿ ಹಾಕಿದರು. ಮಾಸ್ಕೋದ ಒಳಗೇ ಎರಡು ಅಧಿಕಾರ ಕೇಂದ್ರಗಳಿವೆ, ಅವರಲ್ಲಿ ಒಬ್ಬರು ನಮ್ಮ ಕಡೆ ಎಂಬುದು ಎಸ್ಟೋನಿಯಾಕ್ಕೆ ಖಾತ್ರಿಯಾಯಿತು.

ಮಾರ್ಚ್ 3ರ ಜನಮತಗಣನೆಯಲ್ಲಿ ಶೇ. 82.9 ಜನ ಮತ ಹಾಕಿದರು. ಸ್ವಾತಂತ್ರ್ಯ ಮರಳಿ ಸ್ಥಾಪಿಸಲು ಹೌದು ಅಂದವರು ಶೇ. 77.8. ಇದರಲ್ಲಿ ಪ್ರಜೆಗಳ ಪಟ್ಟಿ ನೋಡಲಿಲ್ಲ, ಕಾಯಂ ವಾಸಿಗಳೆಲ್ಲ ಮತ ಹಾಕಿದರು. ಸಮಿತಿಯವರು ಗೊಣಗಿದರು: ಆಕ್ರಮಣ ಮುಗಿಯಬೇಕೇ ಎಂದು ಆಮೇಲೆ ಬಂದವರನ್ನೂ ಕೇಳುವುದೇ? ಅವರ ತರ್ಕಕ್ಕೆ ಅದು ಸರಿ. ಆದರೆ ರಷ್ಯನ್ ಮಾತಾಡುವವರಲ್ಲೂ ಒಂದು ಭಾಗ ಹೌದು ಅಂದದ್ದು ಹೊರಜಗತ್ತಿಗೆ ಬಲವಾದ ಸಾಕ್ಷಿಯಾಯಿತು.

ಆಗಸ್ಟ್ 20ರ ರಾತ್ರಿ

1991ರ ಆಗಸ್ಟ್ 19ರ ಬೆಳಿಗ್ಗೆ ಮಾಸ್ಕೋದಲ್ಲಿ ಗೋರ್ಬಚೆವ್ ವಿರುದ್ಧ ದಂಗೆಯಾಯಿತು. ರಷ್ಯಾದ ಪ್ಸ್ಕೋವ್ ನಗರದಿಂದ ಸೇನಾ ವಾಹನಗಳ ಸಾಲು ಟಾಲಿನ್ ಕಡೆ ಹೊರಟಿತು. ದಂಗೆ ಗೆದ್ದರೆ ಎಲ್ಲ ಮುಗಿಯಿತು. ಸೋತರೆ? ಆಗಲೂ ಈ ಎರಡು ದಿನದ ಕಿಂಡಿ ಮತ್ತೆ ತೆರೆಯುತ್ತದೆ ಎಂಬ ಭರವಸೆ ಇರಲಿಲ್ಲ. ಏನಾದರೂ ಮಾಡುವುದಿದ್ದರೆ ಈಗಲೇ.

ಸುಪ್ರೀಂ ಕೌನ್ಸಿಲ್‌ನ ಬಳಿ, ಅಂದರೆ ಹಳೇ ಸುಪ್ರೀಂ ಸೋವಿಯತ್‌ನ ಬಳಿ, ಮತಗಳಿದ್ದವು. ಸುಮ್ನೆ ಘೋಷಿಸಿಬಿಡಬಹುದಿತ್ತು. ಆದರೆ ಆ ಕ್ಷಣದಲ್ಲಿ ಕಾಂಗ್ರೆಸ್‌ನವರು ಇದು ನಮ್ಮ ಗಣರಾಜ್ಯವಲ್ಲ ಅಂದಿದ್ದರೆ? ದೇಶ ಹುಟ್ಟುವ ಗಳಿಗೆಯಲ್ಲೇ ಇಬ್ಭಾಗ. ಹಾಗಾಗಿ ಎರಡು ಕಡೆಯವರೂ ಕೂತು ಮಾತಾಡಿದರು. ಕಾಂಗ್ರೆಸ್ ಕಡೆಯವರಿಗೆ ಘೋಷಣೆ ಎಂಬುದೇ ಬೇಡ. ಇರುವ ದೇಶವನ್ನು ಮತ್ತೆ ಘೋಷಿಸಿದರೆ ಅದು ಇರಲಿಲ್ಲ ಎಂದು ಒಪ್ಪಿದ ಹಾಗೆ. ಇನ್ನೊಂದು ಕಡೆಯವರಿಗೆ ಜಗತ್ತು ಓದಿ ಗುರುತಿಸುವಂಥ ಒಂದು ತೀರ್ಮಾನ ಈ ರಾತ್ರಿಯೇ ಬೇಕು.

ರಾತ್ರಿ 11 ದಾಟಿದ ಮೇಲೆ ನಿರ್ಣಯ ಮತಕ್ಕೆ ಬಂತು. 69 ಮತಗಳು ಪರವಾಗಿ ಬಿದ್ದವು. ನಿರ್ಣಯದ ಬರವಣಿಗೆಯನ್ನು ಸ್ವಲ್ಪ ನಿಂತು ನೋಡಬೇಕು. ಎಸ್ಟೋನಿಯಾ ಗಣರಾಜ್ಯ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಮುಂದುವರಿದೇ ಬಂದಿದೆ ಎಂಬ ಮಾತು ಅದರಲ್ಲಿದೆ. ಅದು ಕಾಂಗ್ರೆಸ್‌ನವರದ್ದು. ಮಾರ್ಚ್ 3ರ ಜನಮತಗಣನೆಯಲ್ಲಿ ಜನ ಹೇಳಿದ್ದರ ಆಧಾರ ಎಂಬ ಮಾತೂ ಇದೆ. ಅದು ಕೌನ್ಸಿಲ್‌ನವರದ್ದು. ಸ್ವಾತಂತ್ರ್ಯವನ್ನು ದೃಢೀಕರಿಸುತ್ತೇವೆ, ರಾಜತಾಂತ್ರಿಕ ಸಂಬಂಧಗಳನ್ನು ಮರಳಿ ಸ್ಥಾಪಿಸಲು ಕೋರುತ್ತೇವೆ ಎಂದಿದೆ. ಮತ್ತು ಸಂವಿಧಾನ ಬರೆಯಲು ಒಂದು ಸಭೆ. ಅದರಲ್ಲಿ 60 ಮಂದಿ: 30 ಕೌನ್ಸಿಲ್‌ನಿಂದ, 30 ಕಾಂಗ್ರೆಸ್‌ನಿಂದ.

ಇದನ್ನು ನಾನು ಒಳ್ಳೇ ರಾಜಿ ಅನ್ನುತ್ತೇನೆ. ಇಬ್ಬರೂ ತಮ್ಮ ವಾದ ಬಿಡಲಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರು. ಬಗೆಹರಿಯದೆ ಉಳಿದದ್ದನ್ನು ಸಮಪಾಲಿನ ಸಭೆಗೆ ಬಿಟ್ಟರು. ಅಧಿಕಾರ ಇದ್ದವರು ಅರ್ಧ ಕುರ್ಚಿ ಬಿಟ್ಟುಕೊಟ್ಟರು. ಆ ರಾತ್ರಿಯ ಒತ್ತಡ ಇಲ್ಲದಿದ್ದರೆ ಬಿಡುತ್ತಿದ್ದರೋ ಇಲ್ಲವೋ.

ಮಾರನೇ ದಿನ ಸೈನಿಕರು ಟಾಲಿನ್‌ನ ಟಿವಿ ಗೋಪುರದ ಕೆಳಗಿನ ಭಾಗ ಹಿಡಿದರು. ಮೇಲೆ ಕೆಲವೇ ಜನ ಒಳಗಿನಿಂದ ತಡೆದು ಕೂತರು, ಪ್ರಸಾರ ನಿಲ್ಲಲಿಲ್ಲ. ಹೊರಗೆ ಬರಿಗೈಯ ಜನ ನಿಂತಿದ್ದರು. ಅಷ್ಟರಲ್ಲಿ ಮಾಸ್ಕೋದಲ್ಲಿ ದಂಗೆಯೇ ಕುಸಿಯಿತು. ಸೈನಿಕರು ಹೊರಟುಹೋದರು. ಆಗಸ್ಟ್ 22ರಂದು ಐಸ್‌ಲ್ಯಾಂಡ್ ಮಾನ್ಯತೆ ಕೊಟ್ಟಿತು, 24ರಂದು ಯೆಲ್ಸಿನ್‌ರ ರಷ್ಯಾ. ಸೆಪ್ಟೆಂಬರ್ 6ರಂದು ಸೋವಿಯತ್ ಒಕ್ಕೂಟವೇ ಒಪ್ಪಿತು. ಅದೇ ತಿಂಗಳು ಭಾರತವೂ ಮಾನ್ಯತೆ ಕೊಟ್ಟಿತು. 17ರಂದು ಎಸ್ಟೋನಿಯಾ ವಿಶ್ವಸಂಸ್ಥೆಯ ಸದಸ್ಯ.

ಲಾಭ ಯಾರಿಗೆ, ಬೆಲೆ ಯಾರಿಗೆ

ಹಳೇ ದೇಶವೇ ಮುಂದುವರಿದಿದೆ ಎಂಬ ವಾದ ತಕ್ಷಣ ಫಲ ಕೊಟ್ಟಿತು, ಅದೂ ಚಿನ್ನದ ರೂಪದಲ್ಲಿ. ಯುದ್ಧಕ್ಕೆ ಮೊದಲು ವಿದೇಶಿ ಬ್ಯಾಂಕುಗಳಲ್ಲಿ ಇಟ್ಟಿದ್ದ 11 ಟನ್ ಆಸುಪಾಸಿನ ಚಿನ್ನವನ್ನು ಎಸ್ಟೋನಿಯಾ ನಮ್ಮದು ಎಂದು ಕೇಳಿತು. ಬ್ರಿಟನ್ ವಾಪಸ್ ಕೊಟ್ಟಿತು. ತನ್ನಲ್ಲಿದ್ದ ಪಾಲನ್ನು 1940ರಲ್ಲೇ ಸೋವಿಯತ್ತಿಗೆ ಒಪ್ಪಿಸಿದ್ದ ಸ್ವೀಡನ್ ಪರಿಹಾರ ಕೊಟ್ಟಿತು. ಅದೇ ಆಧಾರದ ಮೇಲೆ 1992ರ ಜೂನ್ 20ರಂದು ಸ್ವಂತ ನಾಣ್ಯ ಕ್ರೂನ್ ಬಂತು. 10 ರೂಬಲ್‌ಗೆ 1 ಕ್ರೂನ್, 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್. ಸೋವಿಯತ್ ಸಾಲದ ಪಾಲನ್ನು ಎಸ್ಟೋನಿಯಾ ಹೊರಲಿಲ್ಲ. ಜೂನ್ 28ರಂದು ಸಂವಿಧಾನವನ್ನು ಮತದಾರರು ಭಾರೀ ಬಹುಮತದಿಂದ ಒಪ್ಪಿದರು. ಅಕ್ಟೋಬರ್‌ನಲ್ಲಿ ಲೆನಾರ್ಟ್ ಮೆರಿ ಅಧ್ಯಕ್ಷರಾದರು. ಅಲ್ಲಿಯವರೆಗೆ ವಿದೇಶದಲ್ಲಿದ್ದುಕೊಂಡೇ ಹೆಸರಿಗೆ ಸರ್ಕಾರ ನಡೆಸುತ್ತಿದ್ದವರು ಬಂದು ಅವರಿಗೆ ಅಧಿಕಾರ ಒಪ್ಪಿಸಿದರು.

ಈಗ ಇನ್ನೊಂದು ಪಕ್ಕ. 1992ರ ಫೆಬ್ರವರಿಯಲ್ಲಿ 1938ರ ಪೌರತ್ವ ಕಾಯ್ದೆ ಮತ್ತೆ ಜಾರಿಗೆ ಬಂತು. ಹಿಂದಿನ ದಿನದವರೆಗೆ ಮತ ಹಾಕುತ್ತಿದ್ದ ದೇಶದ ಸುಮಾರು ಮೂರನೇ ಒಂದು ಭಾಗ ಜನ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು. ಲಿಥುವೇನಿಯಾ ಹೀಗೆ ಮಾಡಲಿಲ್ಲ, ಅಲ್ಲಿದ್ದವರೆಲ್ಲರಿಗೂ ಪೌರತ್ವದ ಆಯ್ಕೆ ಕೊಟ್ಟಿತು. ಆದರೆ ಅಲ್ಲಿ ರಷ್ಯನ್ನರು ಶೇ. 10ಕ್ಕಿಂತ ಕಡಿಮೆ. ಎಸ್ಟೋನಿಯಾದಲ್ಲಿ ಶೇ. 30. ಭಯಕ್ಕೆ ಕಾರಣವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲೇ ಹುಟ್ಟಿ, ಅಲ್ಲೇ ಗಣಿಯಲ್ಲಿ ದುಡಿದವನ ಮುಂದೆ ನಿಂತು ನಿಮ್ಮ ತಾತ 1940ರಲ್ಲಿ ಎಲ್ಲಿದ್ದರು ಎಂದು ಕೇಳುವುದು ಸುಲಭದ ಪ್ರಶ್ನೆಯಲ್ಲ. ಸಂವಿಧಾನದ ಜೊತೆಯಲ್ಲೇ ಇನ್ನೊಂದು ಪ್ರಶ್ನೆಯೂ ಮತಕ್ಕೆ ಬಂದಿತ್ತು: ಪೌರತ್ವಕ್ಕೆ ಅರ್ಜಿ ಹಾಕಿದವರಿಗೆ ಮೊದಲ ಚುನಾವಣೆಯಲ್ಲಿ ಮತ ಕೊಡೋಣವೇ? ಕಡಿಮೆ ಅಂತರದಲ್ಲಿ ಸೋತಿತು.

ಒಂದು ಮಾತು ಉಳಿಸಿಕೊಂಡರು ಎನ್ನಬೇಕು. 1989-90ರಲ್ಲಿ ಸಮಿತಿಗಳ ಬಳಿ ಅರ್ಜಿದಾರರೆಂದು ಹೆಸರು ಬರೆಸಿದ್ದವರಿಗೆ ಭಾಷಾ ಪರೀಕ್ಷೆ ಇಲ್ಲದೆ ಪೌರತ್ವ ಪಡೆಯುವ ದಾರಿ ಕೊಟ್ಟರು. ಆಗ ಧೈರ್ಯ ಮಾಡಿದ್ದವರು ಕಡಿಮೆ, ಹಾಗಾಗಿ ಲಾಭ ಆದವರೂ ಕಡಿಮೆ.

ಬೆಲೆ ತೆತ್ತವರು ರಷ್ಯನ್ ಮಾತಾಡುವವರಷ್ಟೇ ಅಲ್ಲ. ಹಳೇ ದೇಶ ಮರಳಿದರೆ ಹಳೇ ಆಸ್ತಿಯೂ ಮರಳಬೇಕಲ್ಲ? 1940ಕ್ಕೆ ಮೊದಲಿನ ಮಾಲೀಕರ ವಾರಸುದಾರರಿಗೆ ಮನೆ, ಜಮೀನು ವಾಪಸ್ ಕೊಟ್ಟರು. ಆ ಮನೆಗಳಲ್ಲಿ ದಶಕಗಳಿಂದ ಇದ್ದವರು, ಅವರಲ್ಲಿ ಎಸ್ಟೋನಿಯನ್ನರೂ ಇದ್ದರು, ರಾತ್ರೋರಾತ್ರಿ ಗುರುತಿಲ್ಲದ ಮಾಲೀಕನ ಬಾಡಿಗೆದಾರರಾದರು.

ದೊಡ್ಡ ಅಪಾಯ ಬಂದದ್ದು 1993ರಲ್ಲಿ, ಗಡಿಯ ನಾರ್ವಾ ನಗರದಲ್ಲಿ. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ರಷ್ಯನ್ ಮಾತಾಡುವವರು. ವಿದೇಶಿಯರ ಕಾಯ್ದೆ ಎಂಬ ಮಸೂದೆ ಪಾಸಾಯಿತು, ಪೌರತ್ವ ಇಲ್ಲದವರೆಲ್ಲ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು ಎಂದಾಯಿತು. ನಮ್ಮನ್ನು ಹೊರಗೆ ಹಾಕುತ್ತಾರೆ ಎಂಬ ಗಾಬರಿ ಹರಡಿತು. ಅಧ್ಯಕ್ಷ ಮೆರಿ ಸಹಿ ಹಾಕಲಿಲ್ಲ. ಮಸೂದೆಯನ್ನು ಯುರೋಪಿನ ಸಂಸ್ಥೆಗಳ ಅಭಿಪ್ರಾಯಕ್ಕೆ ಕಳಿಸಿದರು, ತಿದ್ದಿಸಿದ ಮೇಲೆ ಸಹಿ ಮಾಡಿದರು. ಆದರೂ ಜುಲೈ 16 ಮತ್ತು 17ರಂದು ನಾರ್ವಾ ಸ್ವಾಯತ್ತತೆಗಾಗಿ ತನ್ನದೇ ಜನಮತಗಣನೆ ನಡೆಸಿತು. ಸರ್ಕಾರ ಇದು ಕಾನೂನಿಗೆ ವಿರುದ್ಧ ಎಂದಿತು, ಆದರೆ ಪೊಲೀಸ್ ಕಳಿಸಲಿಲ್ಲ. ಮತದಾನ ನಡೆಯಲು ಬಿಟ್ಟಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು, ನಗರಸಭೆ ತೀರ್ಪನ್ನು ಒಪ್ಪಿತು. ರಷ್ಯಾದ ಸೈನಿಕರು ಇನ್ನೂ ದೇಶದೊಳಗೇ ಇದ್ದ ಕಾಲ ಅದು. ಅವರು ಹೋದದ್ದು 1994ರ ಆಗಸ್ಟ್ 31ಕ್ಕೆ, ಅದಕ್ಕೂ ಮೆರಿ ಅವರು ನಿವೃತ್ತ ಸೋವಿಯತ್ ಅಧಿಕಾರಿಗಳಿಗೆ ವಾಸದ ಅವಕಾಶ ಕೊಡಲು ಒಪ್ಪಬೇಕಾಯಿತು. ಮನೆಯಲ್ಲಿ ತುಂಬಾ ಬೈಗುಳ ತಿಂದರು.

ಇದೇ ದಾರಿ ನೋಡುವ ಬೇರೆ ಜನರಿಗೆ ಈ ಪ್ರಕರಣದಿಂದ ಸಿಗುವುದು ನನ್ನ ಪ್ರಕಾರ ಇಷ್ಟು. ಅಧಿಕಾರ ಹಿಡಿಯುವವರು, ಹಕ್ಕಿನ ದಾಖಲೆ ಕಾಯುವವರು ಇಬ್ಬರೂ ಬೇಕು. ಅವರು ಒಂದೇ ಆಗಬೇಕಿಲ್ಲ, ಇಬ್ಬರ ಜಗಳ ಆಗಲೇ ನಡೆದು ಹದಕ್ಕೆ ಬಂದಿದ್ದರೆ ಅವಕಾಶ ಬಂದ ರಾತ್ರಿ ಕೆಲವೇ ಗಂಟೆಗಳಲ್ಲಿ ಕಾಗದ ಸಿದ್ಧವಾಗುತ್ತದೆ. ಹಾಗೇ, ಯಾವ ಸಾಧನ ಸ್ವಾತಂತ್ರ್ಯ ತಂದಿತೋ ಅದೇ ಒಂದಷ್ಟು ಜನರನ್ನು ಹೊರಗಿಟ್ಟಿತು. ಎರಡನ್ನೂ ಒಟ್ಟಿಗೇ ಓದಬೇಕು. ನಾಗರಿಕರ ಸಮಿತಿಗಳನ್ನು ಸುಮ್ನೆ ಹೊಗಳುವವರೂ, ಸುಮ್ನೆ ಬೈಯುವವರೂ ಅರ್ಧ ಕಡತ ಮಾತ್ರ ತೆರೆದಿರುತ್ತಾರೆ.

ಆ ವಾದದಿಂದ ಬಂದ ಎರಡು ಬಾಕಿಗಳು ಈಗಲೂ ತೀರಿಲ್ಲ. ಟಾರ್ಟು ಒಪ್ಪಂದದ ಗಡಿಯೊಳಗಿದ್ದ ಸುಮಾರು ಶೇ. 5ರಷ್ಟು ನೆಲ, ಪೆಟ್ಸೆರಿ ಪಟ್ಟಣವೂ ಸೇರಿ, ರಷ್ಯಾದ ಕೈಯಲ್ಲೇ ಇದೆ. 2005ರಲ್ಲಿ ಗಡಿ ಒಪ್ಪಂದಕ್ಕೆ ಸಹಿಯಾಯಿತು, ಎಸ್ಟೋನಿಯಾದ ಸಂಸತ್ತು ಅನುಮೋದಿಸುವಾಗ ಟಾರ್ಟು ಒಪ್ಪಂದವನ್ನು ಪ್ರಸ್ತಾಪಿಸಿತು, ರಷ್ಯಾ ಸಹಿ ಹಿಂತೆಗೆದುಕೊಂಡಿತು. 2014ರಲ್ಲಿ ಮತ್ತೆ ಸಹಿಯಾಯಿತು, ಜಾರಿಯಾಗಿಲ್ಲ. ಇನ್ನು ಪೌರತ್ವ ಇಲ್ಲದವರು ಮೂರನೇ ಒಂದು ಭಾಗದಿಂದ ಶೇ. 5ರ ಆಸುಪಾಸಿಗೆ ಇಳಿದಿದ್ದಾರೆ. 1993ರಿಂದ ಅವರಿಗೆ ಸ್ಥಳೀಯ ಚುನಾವಣೆಯಲ್ಲಾದರೂ ಮತವಿತ್ತು. 2025ರ ಮಾರ್ಚ್‌ನಲ್ಲಿ ಸಂಸತ್ತು ಸಂವಿಧಾನ ತಿದ್ದಿತು. ಅಲ್ಲಿ ನೆಲೆಸಿದ್ದ ರಷ್ಯಾ, ಬೆಲಾರುಸ್ ಪ್ರಜೆಗಳ ಮತ ತಕ್ಷಣ ಹೋಯಿತು. ಯಾವ ದೇಶದ ಪೌರತ್ವವೂ ಇಲ್ಲದವರು 2025ರ ಅಕ್ಟೋಬರ್‌ನಲ್ಲಿ ಕೊನೆಯ ಸಲ ಮತ ಹಾಕಿದರು.